ಬಾಗಿಲಿಲ್ಲದವರಿಗೆ ಸಮನ್ಸ್

ಬೆಳಗಿನ ಐದೂವರೆ. ಮುಚ್ಚಿಹೋದ ಚಿತ್ರಮಂದಿರದ ಟಿಕೆಟ್ ಕಿಟಕಿಯ ಕೆಳಗೆ ಚೀಟಿ ಅಕ್ಕ ಕುಕ್ಕರಗಾಲಿನಲ್ಲಿ ಕೂತು, ನೆಲಕ್ಕೆ ಹಾಸಿದ ರಟ್ಟಿನ ಮೇಲೆ ಅಂಗೈ ಊರುತ್ತಾರೆ. ರಟ್ಟು ತಣ್ಣಗಿದೆ. ಮಲಗಿದ್ದವರು ಈಗಷ್ಟೇ ಎದ್ದು ಹೋಗಿದ್ದರೆ ಒಂದಿಷ್ಟು ಬಿಸಿಯಾದರೂ ಉಳಿದಿರುತ್ತಿತ್ತು. ಪಕ್ಕದಲ್ಲಿ ಕೊಡೆಯ ಮುರಿದ ಕಡ್ಡಿಯೊಂದು ಬಿದ್ದಿದೆ. ಕಂಬಳಿ ಇಲ್ಲ, ಚೀಲ ಇಲ್ಲ, ಕೊಡೆ ಅಜ್ಜಿಯೂ ಇಲ್ಲ.

"ಇವತ್ತೇ ಮಾಯ ಆಗ್ಬೇಕಿತ್ತಾ ಅಜ್ಜೀ?" ಎಂದು ಖಾಲಿ ರಟ್ಟನ್ನೇ ಗದರಿಸಿ ಏಳುತ್ತಾರೆ. ಮಂಡಿ ಲಟಕ್ ಎನ್ನುತ್ತದೆ.

ಹನ್ನೊಂದು ಗಂಟೆಗೆ ಕೊಡೆ ಅಜ್ಜಿ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಹರಿದ ಕೊಡೆ ಹೊಲಿದು ಬದುಕುವ ಈ ಎಪ್ಪತ್ತರ ಹೆಂಗಸು ಮೇಲ್ಸೇತುವೆಯ ಕೆಳಗೆ ಮಲಗಿದ್ದಾಗ, ಎದುರಿನ ಮಳಿಗೆ ಕಟ್ಟಡದ ಇಬ್ಬರು ಕಾವಲುಗಾರರು ಹಾಸಿಗೆಗೆ ನೀರು ಸುರಿದು, ದೊಣ್ಣೆಯಿಂದ ಹೊಡೆದು ಎಡಗೈ ಮುರಿದರು ಎಂಬುದು ಕೇಸು. ಹಿಂದಿನ ತಾರೀಖಿಗೆ ಅಜ್ಜಿ ಬಂದಿರಲಿಲ್ಲ. ಈ ಸಲವೂ ಬಾರದಿದ್ದರೆ ಕೇಸು ಮುಚ್ಚುವುದಾಗಿ ನ್ಯಾಯಾಧೀಶರು ಹೇಳಿಬಿಟ್ಟಿದ್ದಾರೆ.

ಚೀಟಿ ಅಕ್ಕನದು ಸಮನ್ಸ್ ಮುಟ್ಟಿಸುವ ನೌಕರಿ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಾಗದ, ಹದಿನಾಲ್ಕು ಕಿಲೋಮೀಟರ್ ನಡಿಗೆ. ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರೆ ಮುಗಿಯಿತು. ತಾರೀಖಿನ ದಿನ ಬೆಳಗಾಗುವ ಮುಂಚೆ ಹೀಗೆ ಸಾಕ್ಷಿಗಳನ್ನು ಹುಡುಕಿಕೊಂಡು ಬರಬೇಕೆಂದು ಯಾವ ಆದೇಶದಲ್ಲೂ ಇಲ್ಲ. ಮನೆಯಲ್ಲಿ ಮಗಳು ಅದನ್ನೇ ಚುಚ್ಚುತ್ತಾಳೆ: "ಅಮ್ಮಾ, ನಾನೂ ಒಂದಿನ ರಸ್ತೆ ಬದೀಲಿ ಮಲಗ್ತೀನಿ. ಆಗಲಾದ್ರೂ ಬೆಳಿಗ್ಗೆ ಬಂದು ನನ್ನ ಎಬ್ಬಿಸ್ತೀಯ!"

"ಮನೆ ಇರೋರಿಗೆ ಹೊಡೆದ್ರೂ, ಇಲ್ಲದೋರಿಗೆ ಹೊಡೆದ್ರೂ ಕಾನೂನಲ್ಲಿ ಒಂದೇ ಸೆಕ್ಷನ್ನು," ಎನ್ನುತ್ತಾರೆ ಚೀಟಿ ಅಕ್ಕ, ಆಸ್ಪತ್ರೆಯ ಹಿಂಬದಿಯ ನಲ್ಲಿಯತ್ತ ದಾಪುಗಾಲು ಹಾಕುತ್ತ. "ಆದ್ರೆ ಆ ಸೆಕ್ಷನ್ನು ಎದ್ದು ಓಡಾಡ್ಬೇಕು ಅಂದ್ರೆ ಒಂದು ವಿಳಾಸ ಬೇಕು. ಕಾಗದ ತಲುಪಲಿಲ್ಲ ಅಂದ್ರೆ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲ ಅಂದ್ರೆ ಹೊಡೆದೇ ಇಲ್ಲ."

ಆ ವಿಳಾಸಕ್ಕಾಗಿಯೇ ಅವರ ಬಳಿ ಒಂದು ಪುಸ್ತಕವಿದೆ. ದೂರು ಕೊಟ್ಟೋ ಸಾಕ್ಷಿಯಾಗಿಯೋ ಕೋರ್ಟಿನ ಕಾಗದದೊಳಗೆ ಸೇರಿಕೊಂಡ, ಮನೆಯಿಲ್ಲದ ಅರವತ್ತಮೂರು ಜನ ಎಲ್ಲೆಲ್ಲಿ ಮಲಗುತ್ತಾರೆ ಎಂಬ ಲೆಕ್ಕ. 'ನೀಲಿ ಟಾರ್ಪಾಲು, ಬಸ್ ನಿಲ್ದಾಣದ ಗೋಡೆ.' 'ಔಷಧಿ ಅಂಗಡಿ ಮೆಟ್ಟಿಲು, ಶಟರ್ ಎಳೆದ ಮೇಲೆ.' ಮೊದಲು ಅದು ಕೈಚೀಲದಲ್ಲೇ ಇರುತ್ತಿತ್ತು. ಈಗ ಕೋರ್ಟಿನ ಬೀರುವಿನಲ್ಲಿ ಬೀಗದೊಳಗಿದೆ. ಕಾರಣ ಕೇಳಿದರೆ ಅವರ ನಡಿಗೆ ನಿಧಾನವಾಗುತ್ತದೆ.

"ನಾನೇ ಮಾಡಿದ ತಪ್ಪು. ಯಾರ ಮೇಲೂ ಹಾಕೋ ಹಾಗಿಲ್ಲ."

ಮನೆಯವರು ಸಿಗದಿದ್ದರೆ ಸಮನ್ಸಿನ ಪ್ರತಿಯನ್ನು ಬಾಗಿಲಿಗೆ ಅಂಟಿಸಿ ಬರಬೇಕು, ಅದು ನಿಯಮ. ಹಿಂದಿನ ತಾರೀಖಿಗೆ ಮುಂಚೆ ಎರಡು ಸಲ ಹೋದರೂ ಕೊಡೆ ಅಜ್ಜಿ ಸಿಗಲಿಲ್ಲ. ಕೈಚೀಲದಲ್ಲಿ ಗೋಂದು ಇತ್ತು. ಅಜ್ಜಿಗೆ ಬಾಗಿಲಿರಲಿಲ್ಲ. ಮೇಲ್ಸೇತುವೆಯ ಮೂರನೇ ಕಂಬಕ್ಕೆ, ಅಜ್ಜಿಯ ಹಾಸಿಗೆಯ ನೇರ ಮೇಲೆ, ಕಾಗದ ಅಂಟಿಸಿ ಚೀಟಿ ಅಕ್ಕ ವಾಪಸಾದರು. ಹತ್ತೊಂಬತ್ತು ವರ್ಷದ ಅಭ್ಯಾಸದ ಕೈ, ಯೋಚನೆಯನ್ನೇ ಮಾಡಲಿಲ್ಲ. ಅಜ್ಜಿಗೆ ಓದು ಬಾರದು. ಎದುರಿನ ಕಟ್ಟಡದ ಕಾವಲುಗಾರರಿಗೆ ಬರುತ್ತಿತ್ತು. ಯಾವ ತಾರೀಖು, ಯಾವ ಹೊತ್ತು, ಯಾರ ವಿರುದ್ಧ, ಎಲ್ಲ ಅಚ್ಚುಕಟ್ಟಾಗಿ ಬರೆದಿತ್ತು. ಅದೇ ಸಂಜೆ ಬಂದು, "ಕೋರ್ಟಿಗೆ ಹೋದ್ರೆ ಈ ಸಲ ನೀರಲ್ಲ, ಬೆಂಕಿ," ಎಂದು ಹೇಳಿ ಹೋದರು. ಅಜ್ಜಿ ಜಾಗ ಬಿಟ್ಟರು.

"ಎದುರಾಳಿಗೆ ನಾನೇ ಸುಳಿವು ಕೊಟ್ಟು ಬಂದ ಹಾಗಾಯ್ತು. ಅದಕ್ಕೇ, ಯಾರ ಕಣ್ಣಿಗೂ ಬೀಳದಿರಲಿ ಅಂತ ಪುಸ್ತಕಾನ ಬೀರುವಿಗೆ ಹಾಕ್ಸಿದೆ."

ಹದಿನೆಂಟು ದಿನ ಹುಡುಕಿ, ಈ ಟಿಕೆಟ್ ಕಿಟಕಿಯ ಕೆಳಗೆ ಅಜ್ಜಿಯನ್ನು ಪತ್ತೆ ಮಾಡಿ, ಹೊಸ ಸಮನ್ಸನ್ನು ಕೈಗೇ ಕೊಟ್ಟು ಬಂದು ಐದು ದಿನವಾಗಿದೆ. "ಬರ್ತೀಯಲ್ಲಾ ಅಜ್ಜೀ?" ಎಂದು ಕೇಳಿದ್ದಕ್ಕೆ, "ನೋಡೋಣ," ಎಂದಿದ್ದರಂತೆ. ಆ 'ನೋಡೋಣ' ನಂಬಲಾಗದೆಯೇ ಚೀಟಿ ಅಕ್ಕ ಇವತ್ತು ಬೆಳಗಾಗುವ ಮುಂಚೆ ಬಂದದ್ದು.

ನಲ್ಲಿಯ ಹತ್ತಿರ ಹೆಂಗಸರ ಸಾಲಿನಲ್ಲಿ ಅಜ್ಜಿ ಇಲ್ಲ. ಬಸ್ ನಿಲ್ದಾಣದ ಬೆಂಚುಗಳ ಮೇಲೂ ಇಲ್ಲ. ಚಿತ್ರಮಂದಿರದ ಇನ್ನೊಂದು ಮೂಲೆಯಲ್ಲಿ ಮಲಗುವ ಮೂಟೆ ಹೊರುವವ ಅಲ್ಲಿ ಸಿಗುತ್ತಾನೆ.

"ನಿನ್ನೆ ಸಂಜೆ ಇಬ್ಬರು ಬಂದಿದ್ರು ಅಕ್ಕಾ."

"ಏನಂದ್ರು?"

"ಏನೂ ಅನ್ಲಿಲ್ಲ. ಎದುರುಗಡೆ ನಿಂತು ಒಂದೊಂದು ಸಿಗರೇಟು ಸೇದಿ, ಬೆಂಕಿಕಡ್ಡಿ ಪೊಟ್ಟಣ ಅಲ್ಲೇ ಇಟ್ಟು ಹೋದ್ರು."

"ಅಜ್ಜಿ?"

"ಪೊಟ್ಟಣಾನೇ ನೋಡ್ತಾ ಕೂತಿತ್ತು. ನಾನು ನೀರು ಕುಡಿದು ಬರೋದ್ರೊಳಗೆ ಜಾಗ ಖಾಲಿ."

ಚೀಟಿ ಅಕ್ಕ ಬಿರಬಿರನೆ ಹೊರಡುತ್ತಾರೆ. ರೈಲು ನಿಲ್ದಾಣ, ಮಾರುಕಟ್ಟೆಯ ಹಿಂಭಾಗ, ಕೊಡೆ ಅಂಗಡಿಯ ಹಿತ್ತಿಲು, ಎಲ್ಲ ಆಗುವಷ್ಟರಲ್ಲಿ ಹತ್ತಾಗುತ್ತದೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವಿಚಾರಿಸಲು ಅವರಿಗೆ ಧೈರ್ಯ ಬರುವುದಿಲ್ಲ, ಆದರೂ ವಿಚಾರಿಸುತ್ತಾರೆ. ಅಲ್ಲಿಯೂ ಇಲ್ಲ. 'ಇಲ್ಲ' ಎಂಬ ಮಾತಿಗೆ ಇವತ್ತು ಮೊದಲ ಬಾರಿ ಸ್ವಲ್ಪ ಉಸಿರಾಡುತ್ತಾರೆ.

ಕೋರ್ಟಿನ ಮೆಟ್ಟಿಲಲ್ಲಿ ಗುಮಾಸ್ತ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. "ಏನಮ್ಮಾ, ನಿನ್ನ ನೆಂಟರು ಬೆಳಿಗ್ಗೆಯಿಂದ ವರಾಂಡದಲ್ಲಿ ಠಿಕಾಣಿ ಹೂಡಿದ್ದಾರೆ. ನನ್ನ ಕೊಡೆ ಬಿಚ್ಚಿ ಹರಡ್ಕೊಂಡಿದ್ದಾರೆ. ಮಳೆ ಬಂದ್ರೆ ನಿನ್ನ ಸೆರಗೇ ಗತಿ ನನಗೆ."

ವರಾಂಡದ ಮೂಲೆಯಲ್ಲಿ ಕೊಡೆ ಅಜ್ಜಿ! ಬಾಯಲ್ಲಿ ದಾರ ಕಚ್ಚಿಕೊಂಡು, ವಕ್ರವಾಗಿ ಕೂಡಿದ ಎಡಗೈಯಲ್ಲಿ ಕಡ್ಡಿ ಹಿಡಿದು ಹೊಲಿಯುತ್ತಿದ್ದಾರೆ.

"ಎಲ್ಲಿ ಹಾಳಾಗಿ ಹೋಗಿದ್ದೆ ಅಜ್ಜೀ! ಊರೆಲ್ಲಾ ಸುತ್ತಿ ಬಂದೆ!" ಚೀಟಿ ಅಕ್ಕ ಅಜ್ಜಿಯ ಪಕ್ಕದಲ್ಲೇ ದೊಪ್ಪನೆ ಕೂರುತ್ತಾರೆ.

"ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೋಳು ನೀನು, ಸುತ್ತು," ಎನ್ನುತ್ತಾರೆ ಅಜ್ಜಿ, ದಾರ ಕಚ್ಚಿ ಹರಿದು. "ನಿನ್ನ ಚೀಟೀನ ಬಸ್ ಕಂಡಕ್ಟರ್ ಹತ್ರ ಓದಿಸ್ದೆ. ನನ್ನ ಹೆಸರಿನ ಮುಂದೆ ಇನ್ನೂ ಅದೇ ಹಾಳು ಮೂರನೇ ಕಂಬ ಅಂತೆ. ಕಾಗದದ ತಲೆಮೇಲೆ ಇನ್ನೊಂದು ವಿಳಾಸ ಇದೆ, ಕೋರ್ಟಿಂದು ಅಂದ. ಸರಿ, ಅಲ್ಲಿಗೇ ಬಂದು ಹಚ್ಚಲಿ ಬೆಂಕಿ, ನ್ಯಾಯಾಧೀಶರ ಕಣ್ಮುಂದೆ, ಅಂತ ಗೇಟಿನ ದೀಪದ ಕೆಳಗೆ ಮಲಗ್ದೆ."

ಹನ್ನೊಂದಕ್ಕೆ ಅಜ್ಜಿಯನ್ನು ಕೂಗುತ್ತಾರೆ. ಆ ಇಬ್ಬರು ಎದುರಿನ ಬೆಂಚಿನಲ್ಲೇ ಕೂತಿದ್ದಾರೆ. ಅಜ್ಜಿ ಕಟಕಟೆಯ ಅಂಚು ಹಿಡಿದು ಮಾತು ಶುರು ಮಾಡುತ್ತಾರೆ. ನಿಲ್ಲಿಸುವುದಿಲ್ಲ. ಇಪ್ಪತ್ತು ನಿಮಿಷ. ನೀರು, ದೊಣ್ಣೆ, ಬೆಂಕಿಯ ಮಾತು, ನಿನ್ನೆಯ ಪೊಟ್ಟಣ. ಅದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಡುತ್ತಾರೆ. ಕೇಸು ಉಳಿಯುತ್ತದೆ. ಆಕೆ ಎಲ್ಲಿ ಮಲಗಿದರೂ ಈ ಇಬ್ಬರು ಹತ್ತಿರ ಸುಳಿಯಬಾರದು, ಪೊಲೀಸರು ನೋಡಿಕೊಳ್ಳಬೇಕು ಎಂದು ಆದೇಶವೂ ಆಗುತ್ತದೆ. ಮುಂದಿನ ತಾರೀಖು ಆರು ವಾರಕ್ಕೆ.

ಆರು ವಾರ ಎಂದರೆ ನಲವತ್ತೆರಡು ರಾತ್ರಿ. ಚೀಟಿ ಅಕ್ಕ ಆಗಲೇ ಬೆರಳು ಮಡಿಚುತ್ತಿದ್ದಾರೆ.

ಬಾಗಿಲಿಲ್ಲದವರ ಸಮನ್ಸನ್ನು ಎಲ್ಲಿಯೂ ಅಂಟಿಸಬಾರದು, ಕೈಗೇ ಕೊಡಬೇಕು ಎಂದು ನಿಯಮಕ್ಕೆ ಒಂದು ಸಾಲು ಸೇರಿಸಿ ಎಂದು ಅವರು ಮೂರು ಸಲ ಅರ್ಜಿ ಬರೆದಿದ್ದಾರೆ. ಉತ್ತರ ಬಂದಿಲ್ಲ. "ನಾನು ನಿವೃತ್ತಿ ಆಗೋದ್ರೊಳಗೆ ಆ ಒಂದು ಸಾಲು ಬರಲಿ. ನನ್ನ ಜಾಗಕ್ಕೆ ಬರೋರ ಕೈಯಲ್ಲೂ ಗೋಂದು ಇರತ್ತಲ್ಲ."

ಗುಮಾಸ್ತ ಬೀರುವಿನ ಬೀಗ ತೆಗೆದು ಪುಸ್ತಕ ಕೊಡುತ್ತಾನೆ. ಅಜ್ಜಿಯ ಹೊಸ ಜಾಗ ಬರೆಯಬೇಕು. ಪೆನ್ನಿನ ಮುಚ್ಚಳ ತೆಗೆದದ್ದನ್ನು ಕಂಡು ಅಜ್ಜಿ ಅವರ ಕೈ ಹಿಡಿಯುತ್ತಾರೆ.

"ಹೇಳ್ತೀನಿ. ಆದ್ರೆ ಬರೀಬೇಡ."

ಚೀಟಿ ಅಕ್ಕ ಪೆನ್ನು ಮುಚ್ಚಿ ಕಿವಿ ಕೊಡುತ್ತಾರೆ. ಅಜ್ಜಿ ಎರಡೇ ಎರಡು ಮಾತು ಪಿಸುಗುಟ್ಟಿ, ಗುಮಾಸ್ತನ ಕೊಡೆಯನ್ನು ಒಮ್ಮೆ ಬಿಚ್ಚಿ, ಮಡಚಿ, ಅವನ ಮೇಜಿನ ಮೇಲಿಟ್ಟು ಹೊರಟುಹೋಗುತ್ತಾರೆ.

ಪುಸ್ತಕದಲ್ಲಿ ಕೊಡೆ ಅಜ್ಜಿಯ ಹೆಸರಿನ ಮುಂದೆ ಹಳೆಯ ಕಂಬಕ್ಕೆ ಗೀಟು ಬಿದ್ದಿದೆ, ಹೊಸದಾಗಿ ಏನೂ ಇಲ್ಲ.

"ಬಾಯಿಪಾಠ ಆಗಿದೆ," ಎನ್ನುತ್ತಾರೆ ಚೀಟಿ ಅಕ್ಕ.