ಕಾರು ಕಾಮ್ರೇಡ್ ಕೂತ ಧರಣಿ

‘ಕಾರು ಕಾಮ್ರೇಡ್’ ಎಂಬ ಹೆಸರಿಟ್ಟವನು ಆಕೆಯ ಮೈದುನ. ಕಾರ್ಮಿಕರ ಮೆರವಣಿಗೆ ಎಲ್ಲೇ ಇರಲಿ, ಆಕೆ ಕಾರಿನಲ್ಲಿ ಹೋಗಿ, ಒಂದು ಬೀದಿ ಹಿಂದೆಯೇ ಇಳಿದು, ಉಳಿದ ದಾರಿ ನಡೆದು ಸೇರಿಕೊಳ್ಳುತ್ತಿದ್ದರು. ಒಮ್ಮೆ ಇದನ್ನು ಕಂಡ ಮೈದುನ, ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿರಬಿರನೆ ನಡೆಯುವುದನ್ನು ಮನೆಯವರ ಮುಂದೆ ನಟಿಸಿ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹೆಸರು ಮನೆಯಿಂದ ಬೀದಿಗೆ, ಬೀದಿಯಿಂದ ಆಕೆಯದೇ ಲಾಂಡ್ರಿಗೆ ಬರಲು ತಡವಾಗಲಿಲ್ಲ.

ಆಕೆ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. “ಕಾರು ಇರೋದು ನಿಜ ತಾನೇ? ದೇವರು ಕೊಟ್ಟಿದ್ದನ್ನ ಇಲ್ಲ ಅಂದ್ರೆ ಅವನೇನಂದ್ಕೋತಾನೆ?” ಎಂದು ತಾವೂ ನಕ್ಕರು.

ಗಂಡ ತೀರಿಕೊಂಡ ಮೇಲೆ ಲಾಂಡ್ರಿ ಆಕೆಯ ಹೆಸರಿಗೆ ಬಂದಿತ್ತು. ಆಸ್ಪತ್ರೆಯ ಹಾಸಿಗೆ ಹೊದಿಕೆ, ಹೋಟೆಲಿನ ಟವೆಲ್ಲು ಮೂಟೆ ಮೂಟೆಯಾಗಿ ಬಂದು ಬೀಳುತ್ತಿದ್ದವು. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಮೈದುನ. ಆಕೆ ಬೆಳಗ್ಗೆ ಮನೆಯಲ್ಲಿ ದೀಪ ಹಚ್ಚಿ, ಕೈಮುಗಿದು ಬಂದು, ಲಾಂಡ್ರಿಯಲ್ಲಿದ್ದ ಗಂಡನ ಕೋಣೆಯಲ್ಲಿ ಕೂರುತ್ತಿದ್ದರು. ಹಿತ್ತಿಲ ಮರಕ್ಕೆ ತೆರೆದ ದೊಡ್ಡ ಕಿಟಕಿಯ ಬಳಿ ಕೂತು ಎಲ್ಲೆಲ್ಲಿಯದೋ ಕಾರ್ಮಿಕರ ಕಷ್ಟ ಓದಿ ಕಣ್ಣೊರೆಸಿಕೊಳ್ಳುತ್ತಿದ್ದರು. ಗೋಡೆಯ ಆಚೆ ಇದ್ದದ್ದು ಬಟ್ಟೆ ಕುದಿಸುವ ಕೋಣೆ. ಒಂದು ಬಾಗಿಲು ಬಿಟ್ಟರೆ ಅಲ್ಲಿ ಗಾಳಿಗೆ ಬೇರೆ ದಾರಿಯಿರಲಿಲ್ಲ.

ಒಂದು ದಿನ ಆ ಕೋಣೆಯಲ್ಲಿ ಹೊಸದಾಗಿ ಸೇರಿದ್ದ ಹುಡುಗಿ ಸೆಕೆಗೆ ತಲೆ ಸುತ್ತಿ ಬಿದ್ದಳು. ಮರುದಿನ ಬೆಳಗ್ಗೆ ಕೆಲಸದವರೆಲ್ಲ ಒಳಗೆ ಹೋಗದೆ ಲಾಂಡ್ರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಂದೆ ಕೂತವಳು ಬಟ್ಟೆಗೆ ಗಂಜಿ ಹಾಕುವ ಹಿರಿಯಳು. ಎಲ್ಲರ ಬಾಯಲ್ಲೂ ಅವಳು ಗಂಜಿಯಕ್ಕ.

ಕಾರಿನಿಂದಿಳಿದ ಆಕೆ ಮೆಟ್ಟಿಲತ್ತ ಬಿರಬಿರನೆ ನಡೆದರು. ಇಷ್ಟು ವರ್ಷ ಬೇರೆಯವರ ಧರಣಿಗಳಿಗೆ ಹೋಗಿ ಮೂಲೆಯಲ್ಲಿ ನಿಂತಿದ್ದಾಯಿತು, ಈಗ ತನ್ನ ಅಂಗಳದಲ್ಲೇ ಧರಣಿ! ಚಪ್ಪಲಿ ಕಳಚಿ, ಗಂಜಿಯಕ್ಕನ ಪಕ್ಕದಲ್ಲೇ ಕೂತರು. ಎಲ್ಲರಿಗೂ ಟೀ ತರಿಸಿದರು. ಆಮೇಲೆ ಕೈಯೆತ್ತಿ, “ಬೇಕೇ ಬೇಕು!” ಎಂದು ಕೂಗಿದರು.

“ನ್ಯಾಯ ಬೇಕು,” ಎಂದು ಒಂದಿಬ್ಬರು ಟೀ ಲೋಟ ನೋಡುತ್ತ ಗೊಣಗಿದರು.

ಅಷ್ಟರಲ್ಲಿ ಮೈದುನ ಬಂದ. ಸೊಂಟದ ಮೇಲೆ ಕೈಯಿಟ್ಟು ನೋಡಿದ. “ಅತ್ತಿಗೆ, ಇದು ಯಾರ ವಿರುದ್ಧ?”

“ಮಾಲೀಕರ ವಿರುದ್ಧ.”

“ಓಹೋ! ಮಾಲೀಕರು ಯಾರೋ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಅಮ್ಮಾ, ಬೇಜಾರು ಮಾಡ್ಕೋಬೇಡಿ,” ಎಂದಳು ಗಂಜಿಯಕ್ಕ. “ನೀವು ಪಕ್ಕದಲ್ಲಿ ಕೂತ್ರೆ ನಮಗೆ ಬೈಯೋಕೇ ಆಗ್ತಿಲ್ಲ. ರಾತ್ರಿಯೆಲ್ಲ ಯೋಚನೆ ಮಾಡ್ಕೊಂಡು ಬಂದಿದ್ವಿ. ಎದ್ದು ಒಳಗೆ ಹೋಗಿ, ನಿಮ್ಮ ಕುರ್ಚಿ ಮೇಲೆ ಕೂತ್ಕೊಳ್ಳಿ.”

“ನಾನು ನಿಮ್ಮ ಕಡೆಯವಳಲ್ವೇನೆ?”

“ಅದನ್ನ ಆಮೇಲೆ ನೋಡೋಣ. ಮೊದಲು ನಮ್ಮ ಕೋಣೆಗೆ ಗಾಳಿ ಬರ್ಲಿ.”

ಆಕೆ ಎದ್ದರು. ಕೋಣೆಗೆ ಹೋಗಿ ಗಂಡನ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕೆಲಸದವರೆಲ್ಲ ಬಂದು ಎದುರು ನಿಂತರು. ಕೂತುಕೊಳ್ಳಿ ಎಂದರೆ ಕೇಳಲಿಲ್ಲ.

“ನಿಂತ್ರೇನೇ ನಮಗೆ ದನಿ ಏಳೋದು,” ಎಂದಳು ಗಂಜಿಯಕ್ಕ. ಎದ್ದೇ ಎದ್ದಿತು. “ಊರವರ ಕಷ್ಟಕ್ಕೆಲ್ಲ ಬೀದಿಗಿಳೀತೀರಿ. ಗೋಡೆ ಆಚೆ ನಾವು ಬೇಯ್ತಿದ್ದೀವಿ, ಒಂದು ದಿನ ಇಣುಕಿ ನೋಡಿದ್ರಾ?”

ಆ ಮಾತು ನಾಟಿತು. ಆಕೆ ತಲೆ ತಗ್ಗಿಸಿ, “ಇಲ್ಲ,” ಎಂದರು. “ಕಿಟಕಿ ಇಡಿಸ್ತೀನಿ.”

“ಎಲ್ಲಿ ಇಡಿಸ್ತೀರಿ ಅತ್ತಿಗೆ?” ಮೈದುನ ಬಾಗಿಲಿಗೆ ಒರಗಿ ಕೇಳಿದ. “ಆ ಕೋಣೆಗೆ ಎರಡು ಕಡೆ ಪಕ್ಕದವರ ಗೋಡೆ, ಒಂದು ಕಡೆ ಒಳಗಿನ ಬಾಗಿಲು. ಉಳಿದಿರೋದು ಇದೊಂದೇ. ಗಾಳಿ ಬೇಕು ಅಂದ್ರೆ ಇದನ್ನ ಕೆಡವಬೇಕು. ಅಣ್ಣನ ಕೋಣೆ ಹೋಗುತ್ತೆ.”

ಆಕೆ ಮರದ ಕಡೆ ನೋಡಿದರು. ಗಂಡ ಸಂಜೆಯ ಹೊತ್ತು ಕಾಲು ಚಾಚಿ ಕೂರುತ್ತಿದ್ದ ಕೋಣೆಯಿದು. ಆತ ಹೋದ ಮೇಲೆ ಆಕೆ ಅತ್ತದ್ದೂ, ಪ್ರಾರ್ಥಿಸಿದ್ದೂ, ಮತ್ತೆ ಬದುಕಲು ಕಲಿತದ್ದೂ ಇಲ್ಲಿಯೇ. ಬೇರೆ ಏನು ಕೇಳಿದ್ದರೂ ತಕ್ಷಣ ಹೂಂ ಎನ್ನುತ್ತಿದ್ದರು.

“ಇದೊಂದನ್ನ ಬಿಟ್ಟು…” ಎಂದು ಶುರು ಮಾಡಿದರು.

“ಬಿಟ್ಟು ಬೇರೆ ಏನೂ ಬೇಡಮ್ಮಾ,” ಎಂದಳು ಗಂಜಿಯಕ್ಕ. ಈ ಸಲ ಅವಳ ದನಿ ಏರಲಿಲ್ಲ.

ಆಕೆ ಎದ್ದು, ಗೋಡೆಯಲ್ಲಿದ್ದ ಗಂಡನ ಪಟ ತೆಗೆದು, ಸೆರಗಿನಿಂದ ಒರೆಸಿ, ಮೈದುನನ ಕೈಗಿತ್ತರು. “ಮನೆಗೆ ತಗೊಂಡು ಹೋಗಪ್ಪ, ಇಲ್ಲಿ ಧೂಳಾಗುತ್ತೆ. ಗಾರೆ ಕೆಲಸದವರಿಗೂ ಹೇಳಿಬಿಡು.”

ಮೈದುನನಿಗೆ ಅಣಕಿಸಲು ಏನೂ ಹೊಳೆಯಲಿಲ್ಲ. ಪಟವನ್ನು ಎದೆಗೊತ್ತಿಕೊಂಡು ಹೊರಟ.

ವಾರ ಕಳೆಯುವಷ್ಟರಲ್ಲಿ ಗೋಡೆ ಬಿತ್ತು. ಮತ್ತೆ ಕೆಲಸ ಶುರುವಾದ ಬೆಳಗ್ಗೆ ಆಕೆ ನೋಡಲು ಹೋದರು. ಕೊಪ್ಪರಿಗೆಯಿಂದೆದ್ದ ಹಬೆ ಕೋಣೆಯುದ್ದಕ್ಕೂ ಸಾಗಿ ಅದೇ ದೊಡ್ಡ ಕಿಟಕಿ ದಾಟಿ ಮರದೊಳಗೆ ಕರಗುತ್ತಿತ್ತು. ಅಂದು ತಲೆ ಸುತ್ತಿ ಬಿದ್ದಿದ್ದ ಹುಡುಗಿ ಒದ್ದೆ ಹೊದಿಕೆಯ ಒಂದು ತುದಿ ಹಿಡಿದು ಜೊತೆಯವಳೊಂದಿಗೆ ಹರಟುತ್ತ ಹಿಂಡುತ್ತಿದ್ದಳು. ಆಕೆ ಕಿಟಕಿಗೆ ಬೆನ್ನು ಮಾಡಿ, ಅದನ್ನೇ ನೋಡುತ್ತ, ಮನಸ್ಸಿನಲ್ಲೇ ದೇವರಿಗೊಂದು ಕೈ ಮುಗಿದರು.

“ಅಮ್ಮಾ,” ಗಂಜಿಯಕ್ಕ ಕೂಗಿದಳು, “ಗಾಳಿಗೆ ಅಡ್ಡ ನಿಂತಿದ್ದೀರಿ, ಸ್ವಲ್ಪ ಸರೀರಿ!”

ಆಕೆ ನಗುತ್ತ ಸರಿದು ನಿಂತರು.