ನಿಂತೇ ದುಡಿದವನ ನಡಿಗೆ

ಬಜಾರಿನ ತಿರುವಿನಲ್ಲಿ ಎರಡು ಕುರ್ಚಿಯ ಸಲೂನು. ಅದರ ಯಜಮಾನನ ಕೈ ಎಷ್ಟು ಹಗುರವೆಂದರೆ, ಗಡ್ಡಕ್ಕೆಂದು ಕೂತ ಗಿರಾಕಿಗಳು ಕೂತಲ್ಲೇ ತೂಕಡಿಸುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಯಾರ ಕೆನ್ನೆಯ ಮೇಲೂ ಗೀರು ಎಳೆದವನಲ್ಲ. ಆದರೆ ಅವತ್ತು ಬೆಳಿಗ್ಗೆ ತೂಕಡಿಸಿದ್ದು ಗಿರಾಕಿಯಲ್ಲ, ಅವನೇ. ಕುರ್ಚಿಯಲ್ಲಿದ್ದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನಿಂತಲ್ಲೇ ಕಣ್ಣು ಮುಚ್ಚಿತು, ಕತ್ತಿ ಜಾರಿತು, ಮೇಷ್ಟ್ರ ದವಡೆಯ ಕೆಳಗೆ ಕೆಂಪು ಗೆರೆ ಮೂಡಿತು.

"ಅಯ್ಯೋ, ತಪ್ಪಾಯ್ತು ಮೇಷ್ಟ್ರೇ!" ಎಂದು ರಕ್ತ ನಿಲ್ಲಲು ಪಟಿಕ ಒತ್ತಿದ. ಗಾಯ ದೊಡ್ಡದೇನಲ್ಲ. ಆದರೆ ಕತ್ತಿ ಎರಡು ಬೆರಳಷ್ಟು ಕೆಳಗೆ, ಕುತ್ತಿಗೆಯ ನರಕ್ಕೆ ತಾಗಿದ್ದರೆ? ಕತ್ತಿ ಮಡಚಿ ಡ್ರಾಯರಿಗೆ ಹಾಕಿದ. ಗಡ್ಡದವರನ್ನೆಲ್ಲ ಪಕ್ಕದ ಕುರ್ಚಿಯ ತಮ್ಮನಿಗೆ ಬಿಟ್ಟು, ತಾನು ಬರೀ ಕತ್ತರಿ ಹಿಡಿದ.

ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ. "ಗೊರಕೆ ಅಂದ್ರೆ ನಗ್ತೀರಿ. ಗೊರಕೆ ಹೊಡೀರಿ, ಬೇಡ ಅನ್ನಲ್ಲ. ಅದು ನಿಂತುಹೋದಾಗ ನನ್ನ ಜೀವ ಬಾಯಿಗೆ ಬರತ್ತೆ. ಕೇಳಿ ಇಲ್ಲಿ," ಎಂದು ತಿಂಡಿಯ ಹೊತ್ತಿಗೆ, ರಾತ್ರಿ ರೆಕಾರ್ಡ್ ಮಾಡಿಕೊಂಡಿದ್ದ ಮೊಬೈಲ್ ಮುಂದಿಟ್ಟಳು. ಗರಗಸ ಎಳೆದಂಥ ಸದ್ದು. ಆಮೇಲೆ ಏನೂ ಇಲ್ಲ. ಅವನು ಮನಸ್ಸಲ್ಲೇ ಎಣಿಸಿದ. ಇಪ್ಪತ್ತೆರಡಕ್ಕೆ ಬಂದಾಗ, ನೀರಲ್ಲಿ ಮುಳುಗಿ ಎದ್ದವನಂತೆ ಒಂದು ಏದುಸಿರು. ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಮೈಗೆಲ್ಲ ವೈರು ಅಂಟಿಸಿ, ಮಲಗಿಸಿ ನೋಡಿದರು. ಗಂಟೆಗೆ ಮೂವತ್ತೆಂಟು ಸಲ ಉಸಿರು ಕಟ್ಟುತ್ತಿತ್ತು. ಡಾಕ್ಟರಮ್ಮ ಮಲಗುವಾಗ ಹಾಕಿಕೊಳ್ಳಲು ಗಾಳಿ ಊದುವ ಮಾಸ್ಕು ಬರೆದುಕೊಟ್ಟರು. ಜೊತೆಗೆ ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು ಎಂದರು.

"ಬೆಳಗ್ಗಿಂದ ಸಂಜೆವರೆಗೂ ನಿಂತೇ ಇರ್ತೀನಲ್ಲಮ್ಮ, ಇನ್ನೆಲ್ಲಿ ನಡೀಲಿ?"

"ನಿಂತ್ರೆ ನಡೆದ ಹಾಗಾಗತ್ತಾ? ದಿನಪೂರ್ತಿ ನಿಂತ್ರೆ ಕಾಲಲ್ಲಿ ನೀರು ಇಳಿದು ಕೂತ್ಕೊಳತ್ತೆ. ಮಲಗಿದಾಗ ಅದು ಕತ್ತಿನ ಕಡೆ ಹರಿದು ಗಂಟಲು ಇನ್ನಷ್ಟು ಕಿರಿದಾಗತ್ತೆ. ನಡೆದ್ರೆ ಮೀನಖಂಡ ಅದನ್ನ ಹಗಲಲ್ಲೇ ಮೇಲಕ್ಕೆ ತಳ್ಳತ್ತೆ. ತೂಕ ಇಳೀಲಿ ಬಿಡ್ಲಿ, ನೀವು ನಡೀರಿ."

ಎರಡು ದಿನ ನಡೆದ. ಮೂರನೆಯ ದಿನ ಹಾಸಿಗೆ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ನೋಡಿದರೆ ಡ್ರಾಯಿಂಗ್ ಮೇಷ್ಟ್ರು! ತಮ್ಮನ ಬಾಯಿಂದ ವಿಷಯ ತಿಳಿದಿತ್ತಂತೆ.

"ಏಳಯ್ಯಾ. ನಿನ್ನ ತಮ್ಮ ಗಡ್ಡ ತೆಗೆದ್ರೆ ಗೋಡೆಗೆ ಉಪ್ಪುಕಾಗದ ಉಜ್ಜಿದ ಹಾಗಿರತ್ತೆ. ನೀನು ನೆಟ್ಟಗಾಗೋದು ನನಗೇ ಬೇಕಾಗಿದೆ."

ಮೇಷ್ಟ್ರ ಮುಖ ನೋಡಲು ನಾಚಿಕೆ. ಇಲ್ಲ ಎನ್ನಲು ಇನ್ನೂ ನಾಚಿಕೆ. ಚಪ್ಪಲಿ ಮೆಟ್ಟಿ ಹೊರಟ. ಗೋದಾಮಿನ ಗೋಡೆಗುಂಟ ಹೋಗಿ, ನೀರಿನ ಟ್ಯಾಂಕಿನ ದಿಬ್ಬ ಹತ್ತಿ, ಶಾಲೆಯ ಹಿಂಬದಿಯಿಂದ ವಾಪಸು. ಅರವತ್ತೆಂಟರ ಮೇಷ್ಟ್ರು ಮುಂದೆ ಮುಂದೆ, ನಲವತ್ತೊಂಬತ್ತರ ಇವನು ತಿದಿ ಒತ್ತಿದಂತೆ ಉಸಿರು ಬಿಡುತ್ತಾ ಹಿಂದೆ ಹಿಂದೆ. ಮೊದಮೊದಲು ಮೇಷ್ಟ್ರ ಮಾತಿಗೆಲ್ಲ ಕೈಸನ್ನೆಯೇ ಉತ್ತರ. ಐದನೆಯ ವಾರ, ದಿಬ್ಬದ ಅರ್ಧಕ್ಕೆ ಬಂದಾಗ, "ಅದು ಹಾಗಲ್ಲ ಮೇಷ್ಟ್ರೇ" ಎಂದು ವಾದಕ್ಕೇ ಇಳಿದ. ಮೇಷ್ಟ್ರು ನಿಂತು ನಕ್ಕರು.

ತೂಕ ಇಳಿದದ್ದು ಎರಡೇ ಕಿಲೋ. ಆದರೆ ಸಂಜೆಯ ಹೊತ್ತಿಗೆ ಪಾದದಲ್ಲಿ ಅಚ್ಚೊತ್ತಿದಂತೆ ಮೂಡುತ್ತಿದ್ದ ಚಪ್ಪಲಿಯ ಪಟ್ಟಿಯ ಗುರುತು ಮಾಯವಾಯಿತು. ಮಧ್ಯಾಹ್ನ ತೂಕಡಿಸಿ ಪೇಪರು ಕೈಯಿಂದ ಜಾರುವುದು ನಿಂತಿತು. ನಾಲ್ಕು ತಿಂಗಳಾದ ಮೇಲೆ ಮಾಸ್ಕಿಲ್ಲದೆ ಮಲಗಿಸಿ ಮತ್ತೆ ಪರೀಕ್ಷೆ ಮಾಡಿದರು. ಮೂವತ್ತೆಂಟು ಇದ್ದದ್ದು ಹದಿನೇಳಾಗಿತ್ತು.

"ಪರವಾಗಿಲ್ವೇ!" ಎಂದರು ಡಾಕ್ಟರಮ್ಮ. "ಆದ್ರೆ ಮಾಸ್ಕು ಬಿಡ್ಬೇಡಿ, ನಡಿಗೇನೂ ಬಿಡ್ಬೇಡಿ."

ಮರುದಿನವೇ ಮೇಷ್ಟ್ರು ಬಂದು ಅವನ ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿದರು. ಅವನು ಡ್ರಾಯರಿನಿಂದ ಕತ್ತಿ ತೆಗೆದು ಹೊಸ ಬ್ಲೇಡು ಹಾಕಿದ. ಗಡ್ಡ ನುಣ್ಣಗೆ ಇಳಿಯಿತು.

ಆ ಭಾನುವಾರ ನಡಿಗೆ ಮುಗಿಸಿ ಮನೆಗೆ ಬಂದರೆ ಅಡುಗೆಮನೆಯಲ್ಲಿ ಸದ್ದಿಲ್ಲ. ಗಾಬರಿಯಿಂದ ಕೋಣೆಗೆ ಇಣುಕಿದ. ವರ್ಷಗಟ್ಟಲೆ ಅವನ ಉಸಿರಿಗೆ ಕಾವಲು ಕೂತು ಅರೆನಿದ್ದೆಯಲ್ಲೇ ಬೆಳಗು ಕಂಡಿದ್ದ ಹೆಂಡತಿ, ಬಿಸಿಲು ಕಾಲ ಮೇಲೆ ಬಿದ್ದಿದ್ದರೂ ಮೈಮರೆತು ಮಲಗಿದ್ದಳು. ಅವನು ಪರದೆ ಎಳೆದು, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ಹೊರಗೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತ.