ಮುಂದಿಟ್ಟ ಹತ್ತು ನಿಮಿಷ

ನಮ್ಮ ಪಾಂಡವಪುರದ ಮನೆಗಳಲ್ಲಿ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವುದು ಹಬ್ಬಕ್ಕೆ ತೋರಣ ಕಟ್ಟುವಷ್ಟೇ ಸಹಜವಾದ ಸದಾಚಾರ. ಮುಂದಿಟ್ಟದ್ದು ಮನೆಮಂದಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಮನಸ್ಸಿನಲ್ಲಿ ಹತ್ತು ಕಳೆದು, ನಿಧಾನವಾಗಿ ಹೊರಟು, ಕಡೆಗೆ ಬಸ್ಸಿನ ಹಿಂದೆ ಓಡುತ್ತೇವೆ. ಈ ಓಟದಲ್ಲಿ ನನ್ನ ಅನುಭವ ಅಪಾರವೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಭಾವ ಶಿವಣ್ಣ ಇಲ್ಲೊಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಾರೆ. ಕನ್ನಡಕ ಹಾಕಿಕೊಂಡವನು ನಾನೊಬ್ಬನೇ ಆದ್ದರಿಂದ ಅಲ್ಲಿನ ತಾಂತ್ರಿಕ ತಜ್ಞನ ಪದವಿ ನನಗೆ ಅನಾಯಾಸವಾಗಿ ಪ್ರಾಪ್ತವಾಗಿದೆ. ಹೊಸ ರೂಟರ್ ಬಂದಾಗ, ಕಂಪ್ಯೂಟರುಗಳೆಲ್ಲ ಅದನ್ನೇ ಕೇಳಿ ಸಮಯ ತಿಳಿಯುವಂತೆ ಏರ್ಪಾಟು ಮಾಡಿದವನು ನಾನು. ಅದರ ಗಡಿಯಾರವನ್ನು ಕೈಯಾರೆ ಹತ್ತು ನಿಮಿಷ ಮುಂದಿಟ್ಟವರು ಸದಾಚಾರಸಂಪನ್ನರಾದ ಭಾವ.

ಇದು ನನಗೆ ತಿಳಿದದ್ದು ಸುಶೀಲಕ್ಕ ಆನ್‌ಲೈನ್ ಪರೀಕ್ಷೆಗೆ ಕೂತ ಬೆಳಿಗ್ಗೆ. ನಾಗಮಂಗಲದ ಕಡೆಯ ಈ ಅಂಗನವಾಡಿ ಟೀಚರಿಗೆ ದೂರಶಿಕ್ಷಣದ ಪದವಿಯಲ್ಲಿ ಉಳಿದಿದ್ದದ್ದು ಒಂದೇ ಪತ್ರಿಕೆ. ಇದೇ ಕೊನೆಯ ಅವಕಾಶ, ತಪ್ಪಿದರೆ ಪದವಿಯೇ ಇಲ್ಲ. ಪರದೆಯೋ, ನಿಮ್ಮ ಗಡಿಯಾರ ಸರಿಯಿಲ್ಲವೆಂದು ಹೇಳಿ ಬಾಗಿಲು ಹಾಕಿಕೊಂಡಿತು. ಕಂಪ್ಯೂಟರಿನಲ್ಲಿ ಸಮಯ ತಿದ್ದಿದೆ. ರೂಟರು ಅದನ್ನು ಮತ್ತೆ ತನ್ನ ದಾರಿಗೇ ಎಳೆದುಕೊಂಡಿತು.

"ಅಣ್ಣ, ಓದಿದ್ದೆಲ್ಲ ನೀರುಪಾಲಾಗೋಯ್ತಾ?" ಎಂದರು ಸುಶೀಲಕ್ಕ.

ಭಾವ ಮೆಲ್ಲಗೆ ಹತ್ತಿರ ಬಂದರು. "ಯಾರ್ಗೂ ಬಸ್ಸು ತಪ್ದೆ ಇರ್ಲಿ ಅಂತ ಅದುನ್ನೂವೆ ಅತ್ತು ನಿಮ್ಸ ಮುಂದಿಟ್ಬುಟ್ಟಿದ್ದೆ ಕಣಯ್ಯ."

ರೇಗಲು ಪುರುಸೊತ್ತಿರಲಿಲ್ಲ. ಇಂಟರ್‌ನೆಟ್ಟಿನಿಂದ ದೇಶದ ಅಧಿಕೃತ ಸಮಯವನ್ನು ಕೇಳಿ ತಿಳಿದು, ಎಲ್ಲರಿಗೂ ಅದನ್ನೇ ಹಂಚಬೇಕೆಂದು ರೂಟರಿಗೆ ವಿಧಿಸಿದೆ. ಗಡಿಯಾರಗಳು ಒಂದೊಂದಾಗಿ ಹಿಂದೆ ಸರಿದವು. ಆಗ ಹೊಳೆಯಿತು: ನಮ್ಮ ಗಾಬರಿಯೆಲ್ಲ ಭಾವನ ಆ ಸುಳ್ಳು ಹತ್ತು ನಿಮಿಷದೊಳಗೇ ನಡೆದಿತ್ತು, ನಿಜವಾದ ಸಮಯಕ್ಕೆ ಪರೀಕ್ಷೆ ಇನ್ನೂ ಶುರುವೇ ಆಗಿರಲಿಲ್ಲ! ಸ್ವಲ್ಪ ಹೊತ್ತಿಗೆ ಪ್ರಶ್ನೆಪತ್ರಿಕೆ ತೆರೆಯಿತು. ಅಬ್ಬ, ಬದುಕಿದೆ ಎನಿಸಿತು.

ಸುಶೀಲಕ್ಕ ಬರೆಯುತ್ತಿದ್ದಷ್ಟು ಹೊತ್ತೂ, ಹತ್ತು ನಿಮಿಷ ಮುಂದೆಯೇ ಓಡುತ್ತಿದ್ದ ಸೆಂಟರಿನ ಗೋಡೆ ಗಡಿಯಾರವನ್ನೂ ಸರಿಪಡಿಸಿಯೇ ತೀರಬೇಕೆಂಬ ಸುಧಾರಕನ ಆವೇಶ ನನ್ನಲ್ಲಿ ಏರುತ್ತಿತ್ತು. ಕಡೆಗೆ ಸ್ಟೂಲು ಹತ್ತಿದೆ. ಅಷ್ಟರಲ್ಲಿ ಆಕೆ ಪರೀಕ್ಷೆ ಮುಗಿಸಿ ಎದ್ದು, ಗೋಡೆ ನೋಡಿ, "ಅಯ್ಯೋ, ಬಸ್ಸು ಓಯ್ತು!" ಎಂದು ಬ್ಯಾಗು ಬಾಚಿಕೊಂಡರು.

"ಕೂತ್ಕಳವ್ವ, ಅದು ಮುಂದೈತೆ," ಎಂದರು ಭಾವ, ಟೀ ಲೋಟ ನೀಡುತ್ತ.

ಸುಶೀಲಕ್ಕ ಕೂತರು. ಬೆಳಿಗ್ಗೆ ಅಡಿಗೆ, ಹಗಲು ಅಂಗನವಾಡಿ, ಸಂಜೆ ಪುಸ್ತಕ ಎಂದು ವರ್ಷಗಟ್ಟಲೆ ಓಡಿದ ಹೆಂಗಸು, ಇನ್ನು ಓದುವುದೇನೂ ಉಳಿದಿಲ್ಲವೆಂಬುದು ಆಗಷ್ಟೇ ನೆನಪಾದವರ ಹಾಗೆ ನಕ್ಕು, ಬ್ಯಾಗು ಪಕ್ಕಕ್ಕಿಟ್ಟು, ನಿಧಾನವಾಗಿ ಟೀ ಕುಡಿಯತೊಡಗಿದರು.

ನಾನು ಗಡಿಯಾರ ಮುಟ್ಟದೆ ಸ್ಟೂಲಿನಿಂದ ಇಳಿದೆ.